ಜಪಾನಿನ ಶಿಶುವಿಹಾರಕ್ಕೆ ಹೊರಟ ಮಗುವಿಗೆ ಹತ್ತು ಹಾಡು ಬೇಡ, ಆ ತಿಂಗಳ ಹಾಡು ಸಾಕು

ಡಿಸೆಂಬರ್ ಕೊನೆಗೆ ಮೈಸೂರಿನಿಂದ ನೀಗಾತಕ್ಕೆ ಹೋಗುವವರಿದ್ದೀರಿ, ಜನವರಿಯಲ್ಲಿ ನಾಲ್ಕು ವರ್ಷದ ಮಗಳು ಅಲ್ಲಿನ ಶಿಶುವಿಹಾರಕ್ಕೆ ಸೇರುತ್ತಾಳೆ, ಅಷ್ಟರೊಳಗೆ ಕಲಿಸಲು ಹತ್ತು ಚಳಿಗಾಲದ ಹಾಡುಗಳ ಪಟ್ಟಿ ಬೇಕು ಎಂದು ಕೇಳಿದ್ದೀರಿ. ಅಂಥದೇ ಒಂದು ಪಟ್ಟಿಯನ್ನು ನಾನೂ ಮಾಡಿಕೊಂಡಿದ್ದೆ. ಅದೇ ನೀಗಾತ ಪ್ರಾಂತದ ನಾಗಾವೊಕ ಊರಿನಲ್ಲಿ, ಅದೇ ವಯಸ್ಸಿನ ಮಗಳಿಗಾಗಿ.

ನಾಗಾವೊಕದಲ್ಲಿ ಚಳಿಗಾಲವೆಂದರೆ ಹಿಮವೇ. ಸೈಬೀರಿಯದ ಕಡೆಯಿಂದ ಬೀಸುವ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವ ಹೀರಿಕೊಂಡು, ಎದುರಿನ ಬೆಟ್ಟಸಾಲಿಗೆ ತಾಗಿ, ಅದನ್ನೆಲ್ಲ ಈ ಬದಿಯಲ್ಲೇ ಸುರಿಸಿಬಿಡುತ್ತದೆ. ಬೆಟ್ಟದಾಚೆಯ ಟೋಕಿಯೊದಲ್ಲಿ ಅದೇ ಹೊತ್ತಿಗೆ ಬಿಸಿಲು ಕಾಯುತ್ತಿರುತ್ತದೆ. ರಸ್ತೆಯ ಮಧ್ಯದ ಕೊಳವೆಗಳಿಂದ ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುವ ಏರ್ಪಾಟು ಹುಟ್ಟಿದ್ದೇ ಆ ಊರಿನಲ್ಲಿ, ಆ ನೀರಿನ ಕಬ್ಬಿಣದಂಶದಿಂದ ಅಲ್ಲಿನ ಬೀದಿಗಳು ಕೆಂಪಡರಿರುತ್ತವೆ. ಹೊರಗೆ ಹೋಗಲಾಗದ ಆ ಡಿಸೆಂಬರಿನಲ್ಲಿ ನಾನೂ ಮಗಳೂ ಮನೆಯೊಳಗೆ ಕುಳಿತು, ‘ಚಳಿಗಾಲದ ಹಾಡುಗಳು’ ಎಂದು ಒಟ್ಟುಗೂಡಿಸಿದ್ದ ವೀಡಿಯೊಗಳನ್ನು ನೋಡಿ ಅಭ್ಯಾಸ ಮಾಡಿದೆವು. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಆ ಒಂದು ಕೆಲಸವನ್ನು ನೀವೂ ಮಾಡಿ. ಜಪಾನಿ ಭಾಷೆಯ ಎ-ಏ, ಒ-ಓ ವ್ಯತ್ಯಾಸವನ್ನೂ ಒತ್ತಕ್ಷರವನ್ನೂ ನಮ್ಮ ಲಿಪಿ ಹಿಡಿಯುವಷ್ಟು ಚೆನ್ನಾಗಿ ಇಂಗ್ಲಿಷ್ ಅಕ್ಷರಗಳು ಹಿಡಿಯಲಾರವು.

ಮಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ‘ಒಶೋಗತ್ಸು’, ಅಂದರೆ ಹೊಸವರ್ಷದ ಹಾಡು. ಹಿಗಾಶಿ ಕುಮೆ ಎಂಬಾಕೆ ಬರೆದು ತಾಕಿ ರೆಂತಾರೋ ರಾಗ ಹಾಕಿದ ಈ ಹಾಡು 1901ರಲ್ಲಿ ಶಿಶುವಿಹಾರಗಳಿಗೆಂದೇ ಬಂದ ಪುಸ್ತಕದಲ್ಲಿ ಪ್ರಕಟವಾಯಿತು. ಶಾಲೆಯ ಹಾಡುಗಳು ಹೆಚ್ಚಾಗಿ ಗ್ರಾಂಥಿಕ ಭಾಷೆಯಲ್ಲಿದ್ದ ಕಾಲದಲ್ಲಿ ಮಕ್ಕಳ ಆಡುಮಾತಿನಲ್ಲೇ ಬರೆದದ್ದು ಆಕೆಯ ದೊಡ್ಡತನ. ಇನ್ನೆಷ್ಟು ರಾತ್ರಿ ಮಲಗಿ ಎದ್ದರೆ ಹೊಸವರ್ಷ ಬರುತ್ತದೆ, ಬಂದಾಗ ಗಾಳಿಪಟ ಹಾರಿಸೋಣ, ಬುಗುರಿ ಆಡಿಸೋಣ ಎಂದು ಮಗು ಅದರಲ್ಲಿ ಕೇಳುತ್ತದೆ. ತಾಕಿ 1903ರಲ್ಲಿ, ಇನ್ನೂ 23ರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಅವನ ಆ ಪುಟ್ಟ ರಾಗ ನೂರಿಪ್ಪತ್ತು ವರ್ಷ ಕಳೆದರೂ ಹೊಸದಾಗಿಯೇ ಕೇಳಿಸುತ್ತದೆ.

ಮಗಳು ಶಿಶುವಿಹಾರಕ್ಕೆ ಸೇರಿದ್ದು ಜನವರಿ ಎರಡನೆಯ ವಾರದಲ್ಲಿ. ಹಾಡಿನ ಹೊತ್ತಿನಲ್ಲಿ ಅವಳು ತನಗೆ ಬರುವ ಅತ್ಯುತ್ತಮ ಹಾಡನ್ನು ತಾನಾಗಿಯೇ ಹಾಡಿದಳು. ಹೊಸವರ್ಷ ಮುಗಿದುಹೋಯಿತಲ್ಲ ಎಂದು ಮಕ್ಕಳು ನಕ್ಕರು. ಅದರಲ್ಲಿ ಕೆಡುಕೇನೂ ಇರಲಿಲ್ಲ, ಆದರೆ ಅವಳು ಆ ಚಳಿಗಾಲವಿಡೀ ಅಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ತಪ್ಪು ಎಲ್ಲಿತ್ತೆಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ಕುಳಿತಿದೆ. ಚಳಿಗಾಲ ಒಂದೇ ಋತು, ಆದ್ದರಿಂದ ಅದರ ಹಾಡುಗಳೂ ಒಂದೇ ಗುಂಪು ಎಂದು ನಾನು ತಿಳಿದಿದ್ದೆ. ಜಪಾನಿನ ಶಿಶುವಿಹಾರದಲ್ಲಿ ಹಾಗಿಲ್ಲ. ಉದುರಿದ ಎಲೆ ಸುಡುವ ದಿನಗಳಿಗೊಂದು ಹಾಡು, ವರ್ಷದ ಕೊನೆಗೊಂದು, ಹಿಮಕ್ಕೊಂದು, ಫೆಬ್ರವರಿ 3ರ ಸುಮಾರಿಗೆ ಬರುವ ಸೆತ್ಸುಬುನ್ ದಿನ ದೆವ್ವಕ್ಕೆ ಸೋಯಾಕಾಳು ಎಸೆಯಲೊಂದು, ಮಾರ್ಚ್ 3ರ ಗೊಂಬೆ ಹಬ್ಬಕ್ಕೊಂದು. ಒಂದರ ಸರದಿ ಮುಗಿದರೆ ಅದು ಮರುವರ್ಷಕ್ಕೇ ಹಿಂತಿರುಗುವುದು. ಸಂಕ್ರಾಂತಿ ಕಳೆದು ತಿಂಗಳಾದ ಮೇಲೆ ಎಳ್ಳು ಬೀರಲು ಹೊರಟ ಹುಡುಗಿಯಂತೆ ನನ್ನ ಮಗಳು ಅಂದು ನಿಂತಿದ್ದಳು. ಇಷ್ಟೂ ಮಾಹಿತಿ ನನ್ನ ಕೈಯಲ್ಲೇ ಇತ್ತು ಎಂಬುದು ಈಗಲೂ ನೋಯಿಸುತ್ತದೆ. ಪ್ರತಿ ತಿಂಗಳೂ ತರಗತಿಯಿಂದ ಪೋಷಕರಿಗೆ ಒಂದು ಹಾಳೆ ಬರುತ್ತದೆ, ಅದರಲ್ಲಿ ‘ಕೊಂಗೆತ್ಸು ನೊ ಉತ’, ಅಂದರೆ ಈ ತಿಂಗಳ ಹಾಡು, ಎಂಬ ಸಾಲಿರುತ್ತದೆ. ನಾನು ಆ ಹಾಳೆಯನ್ನು ಫೋನಿಗೆ ತೋರಿಸಿ ರಜೆಯ ದಿನಾಂಕ, ತರಬೇಕಾದ ವಸ್ತು, ಕಟ್ಟಬೇಕಾದ ಹಣ ಇಷ್ಟನ್ನೇ ಓದಿಕೊಂಡು, ಉಳಿದದ್ದು ಅಲಂಕಾರವೆಂದು ಮಡಿಸಿಡುತ್ತಿದ್ದೆ. ಮಗಳು ಮೌನವಾದಾಗಲೂ ಉಚ್ಚಾರಣೆಯ ಸಂಕೋಚವಿರಬೇಕೆಂದು ಊಹಿಸಿ, ಪಟ್ಟಿಯ ಉಳಿದ ಹಾಡುಗಳನ್ನು ಇನ್ನಷ್ಟು ತಿದ್ದಿದೆ. ತರಗತಿ ಅಷ್ಟರಲ್ಲಿ ಕಾಳೆಸೆಯುವ ಹಾಡಿಗೆ ಬಂದಿತ್ತು. ನಾವು ಮನೆಯಲ್ಲಿ ಇನ್ನೂ ಡಿಸೆಂಬರಿನಲ್ಲೇ ಇದ್ದೆವು. ಮಾರ್ಚ್ ತಿಂಗಳ ಪೋಷಕರ ಭೇಟಿಯಲ್ಲಿ ಶಿಕ್ಷಕಿ ನಡೆದದ್ದನ್ನು ಮೆಲ್ಲಗೆ ಹೇಳುವವರೆಗೆ ನನಗೆ ಇದು ಹೊಳೆಯಲೇ ಇಲ್ಲ.

ಆದ್ದರಿಂದ ಹತ್ತು ಹಾಡಿನ ಪಟ್ಟಿಯನ್ನು ನಾನು ಕೊಡುವುದಿಲ್ಲ. ಮುಂಚಿತವಾಗಿ ಕಲಿತು ಹೋದರೆ ಮಗು ಪರಕೀಯಳಾಗುವುದಿಲ್ಲ ಎಂಬ ನಿಮ್ಮ ಎಣಿಕೆಯನ್ನೂ ನಾನು ಒಪ್ಪುವುದಿಲ್ಲ. ನಾಲ್ಕು ವರ್ಷದ ಮಕ್ಕಳು ಹಾಡನ್ನು ಪಕ್ಕದ ಮಗುವಿನ ಬಾಯಿ ನೋಡಿ ಕಲಿಯುತ್ತಾರೆ, ಅರ್ಧ ಸಾಲು ತಪ್ಪಿ ಹಾಡುವ ಅವಕಾಶ ಅಲ್ಲಿ ಎಲ್ಲರಿಗೂ ಇರುತ್ತದೆ. ಏನಾದರೊಂದು ಕೈಯಲ್ಲಿರಲೇಬೇಕು ಎನಿಸಿದರೆ ‘ಯುಕಿ’ ಎಂಬ ಹಿಮದ ಹಾಡಿನ ಮೊದಲ ಚರಣವನ್ನಷ್ಟೇ ಕೇಳಿಸಿ. 1911ರ ಸರ್ಕಾರಿ ಪಠ್ಯದಲ್ಲಿ ಬಂದ ಈ ಹಾಡಿನ ಕರ್ತೃ ಯಾರೆಂದು ಗೊತ್ತಾಗಿಲ್ಲ. ಬೆಟ್ಟ ಬಯಲುಗಳು ಹತ್ತಿಯ ಟೊಪ್ಪಿಗೆ ತೊಡುತ್ತವೆ, ಒಣಮರಗಳೆಲ್ಲ ಹೂ ಬಿಡುತ್ತವೆ; ಎರಡನೆಯ ಚರಣದಲ್ಲಿ ನಾಯಿ ಅಂಗಳದಲ್ಲಿ ಕುಣಿದಾಡಿದರೆ, ಬೆಕ್ಕು ಕೊತತ್ಸುವಿನಲ್ಲಿ, ಅಂದರೆ ಅಡಿಯಲ್ಲಿ ಕಾವಿರುವ ಹೊದಿಕೆಮೇಜಿನಲ್ಲಿ, ಮುದುಡಿ ಮಲಗುತ್ತದೆ. ನೀಗಾತದಲ್ಲಿ ಅದು ಕಿಟಕಿಯಾಚೆ ದಿನವೂ ಕಾಣುವ ಸಂಗತಿ.

‘ತಾಕಿಬಿ’ ಎಂಬ ಎಲೆಬೆಂಕಿಯ ಹಾಡನ್ನು ನೀವು ಹೆಸರಿಸಿ ಕೇಳಿದ್ದೀರಿ. ಅದನ್ನು ಮುಂದಿನ ನವೆಂಬರಿಗೆ ಇಡಿ. 1941ರ ಡಿಸೆಂಬರಿನಲ್ಲಿ, ಪೆಸಿಫಿಕ್ ಯುದ್ಧ ಶುರುವಾದ ಬೆನ್ನಲ್ಲೇ ಅದು ಮೊದಲ ಬಾರಿ ರೇಡಿಯೊದಲ್ಲಿ ಬಂತು. ಬೆಂಕಿ ಶತ್ರುವಿಮಾನಗಳಿಗೆ ಗುರುತಾಗುತ್ತದೆಂಬ ಆಕ್ಷೇಪದಿಂದ ಕೂಡಲೇ ನಿಂತೂಹೋಯಿತು. ಬೇಲಿಯ ತಿರುವಿನಲ್ಲಿ ಕೈ ಕಾಯಿಸಿಕೊಳ್ಳುವ ಮಕ್ಕಳ ಹಾಡು ಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸದ್ಯಕ್ಕೆ ಮನೆಯಲ್ಲಿ ಕನ್ನಡ ಹಾಡು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ‘ಒಶೋಗತ್ಸು’, ‘ಯುಕಿ’ಗಳ ಕಾಲದ ಜಪಾನಿ ಶಾಲಾಗೀತೆಗಳಲ್ಲಿ ಅನೇಕವು ನಾಲ್ಕನೆಯ ಮತ್ತು ಏಳನೆಯ ಸ್ವರ ಬಿಟ್ಟ ಐದೇ ಸ್ವರಗಳ ಮೇಲೆ ನಿಂತಿವೆ. ಸ ರಿ ಗ ಪ ದ, ನಮ್ಮ ಮೋಹನ ರಾಗದ್ದೂ ಅವೇ ಸ್ವರಗಳು. ಮನೆಯಲ್ಲಿ ‘ವರವೀಣಾ’ ಗೀತೆ ಕೇಳಿ ಬೆಳೆದ ಕಿವಿಗೆ ಅವು ದೂರದವು ಎನಿಸುವುದಿಲ್ಲ. ನನ್ನ ಮಗಳು ಮೌನವಾಗಿದ್ದ ತಿಂಗಳುಗಳಲ್ಲಿ ಅಜ್ಜಿ ಫೋನಿನಲ್ಲಿ ಹೇಳಿಕೊಟ್ಟ ಹಾಡುಗಳನ್ನು ಮಾತ್ರ ಮನಸಾರೆ ಹಾಡುತ್ತಿದ್ದಳು.

ವೀಡಿಯೊಗಳಲ್ಲಿ ಸಿಗದ ಇನ್ನೊಂದು ಸಂಪತ್ತು ನಿಮ್ಮ ಪ್ರಾಂತದಲ್ಲೇ ಇದೆ. ನೀಗಾತದ ಕೆಲವು ಹಿಮದೂರುಗಳಲ್ಲಿ ಜನವರಿ 15ರ ಸುಮಾರಿನ ‘ಚಿಕ್ಕ ಹೊಸವರ್ಷ’ಕ್ಕೆ ಮಕ್ಕಳು ಬೆಳೆ ತಿನ್ನುವ ಹಕ್ಕಿಗಳನ್ನು ಓಡಿಸುವ ಹಾಡು ಹಾಡುತ್ತಾರೆ, ಹಿಮದಲ್ಲಿ ಕಟ್ಟಿದ ಗುಡಿಸಲಿನೊಳಗೆ ಕೂಡುತ್ತಾರೆ. ಇದು ಯಾವ ಇಲಾಖೆಯೂ ಬರೆಸಿದ್ದಲ್ಲ, ಊರಿಂದೂರಿಗೆ ಮಾತು ಬದಲಾಗುತ್ತದೆ. ನೆರೆಯ ಹಿರಿಯರನ್ನು ಕೇಳಿ. ಅವರಿಗೆ ಅದನ್ನು ಹೇಳಿಕೊಡಲು ಸಂತೋಷವೇ ಆಗುತ್ತದೆ.

ಸೇರಿಸುವ ದಿನವೇ ಶಿಕ್ಷಕಿಯಿಂದ ಜನವರಿಯ ಹಾಳೆಯನ್ನು ಕೇಳಿ ಪಡೆಯಿರಿ, ಹಾಡಿನ ಸಾಲನ್ನು ಅವರಿಂದಲೇ ಒಮ್ಮೆ ಓದಿಸಿ, ಅಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ತಿಂಗಳ ಕೊನೆಯ ವಾರದಲ್ಲಿ ಫೆಬ್ರವರಿಯದನ್ನೂ ಕೇಳಿ, ಏಕೆಂದರೆ ಕಾಳೆಸೆಯುವ ಹಾಡು ಹಾಳೆ ಕೈಗೆ ಬರುವ ಮುನ್ನವೇ ಆರಂಭವಾಗಿರುತ್ತದೆ.