ಚೀನಾದ ಮಾಧ್ಯಮಿಕ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ಪುಟ್ಟ ಗದ್ಯಭಾಗಗಳ ಮೂಲಕ ಏಕೆ ಅಭ್ಯಾಸ ಮಾಡಿಸುತ್ತಾರೆ?

ಯಾವ ರೂಪ ಸರಿ ಎಂಬ ಸುಳಿವು ಎಷ್ಟೋ ಸಲ ಹಿಂದಿನ ವಾಕ್ಯದಲ್ಲಿರುತ್ತದೆ, ಅದಕ್ಕೇ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನಿನ್ನೆ, ನಾಳೆ ಎಂಬಂಥ ಪದಗಳು ಮತ್ತು ಸಂದರ್ಭವೇ ಕಾಲವನ್ನು ತಿಳಿಸುತ್ತವೆ. ಹಾಗಾಗಿ 'ಗೋ' ಭೂತಕಾಲದಲ್ಲಿ 'ವೆಂಟ್' ಆಗುತ್ತದೆಂದು ಬಾಯಿಪಾಠ ಮಾಡಿದ ಮಕ್ಕಳೂ ಬರೆಯುವಾಗ ತಡವರಿಸುತ್ತಾರೆ.

ಗದ್ಯಭಾಗದಲ್ಲಿ ಬಿಟ್ಟ ಸ್ಥಳದ ಪಕ್ಕ ಆವರಣದೊಳಗೆ 'ಗೋ' ಎಂದಷ್ಟೇ ಇರುತ್ತದೆ. 'ಲಾಸ್ಟ್ ಸಂಡೇ' ಎರಡು ಸಾಲು ಮೇಲೆಲ್ಲೋ ಇರುತ್ತದೆ. ಅದನ್ನು ಗಮನಿಸಿದವರಿಗೇ ಉತ್ತರ ಹೊಳೆಯುವುದು. ಚೀನೀ ಭಾಷೆಯಲ್ಲಿಲ್ಲದ 'ಎ', 'ದ'ಗಳ ಕಥೆಯೂ ಇದೇ: ಮೊದಲ ಸಲ 'ಎ ಡಾಗ್', ಮುಂದಿನ ವಾಕ್ಯದಲ್ಲಿ 'ದ ಡಾಗ್'. ಬಿಡಿ ವಾಕ್ಯದಲ್ಲಿ ಇದನ್ನು ತೋರಿಸುವುದು ಕಷ್ಟ. ಆದರೆ ಇಡೀ ಭಾಗವನ್ನು ಓದಿಸಿದ ಮೇಲೆಯೇ ಪೆನ್ನು ಹಿಡಿಸಬೇಕು. ಇಲ್ಲದಿದ್ದರೆ ಮಕ್ಕಳು ಆವರಣದ ಪದವನ್ನಷ್ಟೇ ನೋಡಿ ತುಂಬಿಬಿಡುತ್ತಾರೆ.