ಓದುಗರ ಪ್ರಶ್ನೆ: ವಿಶ್ರಾಂತಿಯ ದಿನಕ್ಕೂ ಒಂದು ಚೀಲ ಬೇಕು

ಪ್ರಶ್ನೆ: ಅಕ್ಕಾ, ನಮಸ್ಕಾರ. ಆಗಸ್ಟ್‌ನಲ್ಲಿ ನಾವು ಮೂವರು ಗೆಳತಿಯರು ಕಾಶ್ಮೀರದ ಸರೋವರಗಳ ಟ್ರೆಕ್ಕಿಂಗ್‌ಗೆ ಹೊರಟಿದ್ದೇವೆ. ಸೋನಮಾರ್ಗ್‌ನಿಂದ ನಾರಾನಾಗ್‌ವರೆಗೆ. ನಡುವೆ ಒಂದು ದಿನ ವಿಶನ್‌ಸರ್ ಸರೋವರದ ಹತ್ತಿರವೇ ಉಳಿದು, ಮೇಲಿನ ಕಿಶನ್‌ಸರ್ ನೋಡಿ ಬರುವುದು. ಅದನ್ನು ‘ವಿಶ್ರಾಂತಿಯ ದಿನ’ ಅಂತ ಬರೆದಿದ್ದಾರೆ. ಹುಟ್ಟಿದಾಗಿನಿಂದ ನಾನು ಸಮುದ್ರದ ಪಕ್ಕ ಇದ್ದವಳು. ದಿನಾ ಬೆಳಿಗ್ಗೆ ಬೀಚಿನಲ್ಲಿ ಐದು ಕಿಲೋಮೀಟರ್ ನಡೆಯುತ್ತೇನೆ. ಅಷ್ಟು ಸಾಕಾ? ಆ ದಿನ ಸುಮ್ನೆ ಕೈಬೀಸಿಕೊಂಡು ಹೋಗಿ ಬರಬಹುದಾ?
— ಶಿಕ್ಷಕಿ, ಕೋಡಿಬಾಗ, ಕಾರವಾರ

ಉತ್ತರ: ಕೈಬೀಸಿಕೊಂಡು ಮಾತ್ರ ಹೋಗಬೇಡಿ. ನಾನು ಹಾಗೆ ಹೋಗಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

2022ರ ಆಗಸ್ಟ್. ವಿಶನ್‌ಸರ್ ಪಕ್ಕದ ಹುಲ್ಲಿನ ಮೇಲೆ ನಮ್ಮ ಟೆಂಟು. ಹಿಂದಿನ ದಿನವಷ್ಟೇ ನಿಚ್ನೈ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ದಾಟಿ ಬಂದಿದ್ದೆವು. ಅದು 4,000 ಮೀಟರ್‌ಗಿಂತ ಎತ್ತರ. ಹೆಗಲು ನೋಯುತ್ತಿತ್ತು. ಬೆಳಿಗ್ಗೆ ಎದ್ದರೆ ಹೊಳೆಯುವ ಬಿಸಿಲು. ಕಿಶನ್‌ಸರ್‌ಗೆ ಮುಕ್ಕಾಲು ಗಂಟೆಯ ದಾರಿ ಅಂದರು. ದೊಡ್ಡ ಚೀಲ ಟೆಂಟಿನಲ್ಲೇ ಬಿಟ್ಟೆ. ರೇನ್‌ಕೋಟ್ ಅದರೊಳಗೇ ಉಳಿಯಿತು. ಮೈಮೇಲೆ ಹತ್ತಿಯ ಅಂಗಿ, ಜೇಬಿನಲ್ಲಿ ಫೋನು ಮತ್ತು ಎರಡು ಶೇಂಗಾ ಚಿಕ್ಕಿ.

ಮಧ್ಯಾಹ್ನ ಒಂದರ ಹೊತ್ತಿಗೆ ಗುಡ್ಡದ ಆಚೆಯಿಂದ ಮೋಡ ಬಂತು. ನಮ್ಮ ಕಡೆ ಮಳೆ ಬರುವ ಮೊದಲು ಗಾಳಿ, ಕತ್ತಲೆ, ಏನಾದರೂ ಸೂಚನೆ ಇರುತ್ತದೆ. ಅಲ್ಲಿ ಹತ್ತು ನಿಮಿಷವೂ ಸಿಗಲಿಲ್ಲ. ಆಲಿಕಲ್ಲು ಬೀಳತೊಡಗಿತು. ಮೊದಲು ಕಾಳುಮೆಣಸಿನಷ್ಟು, ಆಮೇಲೆ ಸಣ್ಣ ಅಡಿಕೆಯಷ್ಟು. ಹತ್ತಿ ಅಂಗಿ ಮೈಗಂಟಿತು. ವಾಪಸ್ ಟೆಂಟು ಮುಟ್ಟಿದಾಗ ಜಿಪ್ಪಿನ ಗುಂಡಿ ಹಿಡಿಯಲು ಬೆರಳು ಬಗ್ಗಲಿಲ್ಲ. ಎರಡೂ ಅಂಗೈ ನಡುವೆ ಅದನ್ನು ಒತ್ತಿ ಎಳೆದೆ, ಜಾರಿತು. ಮತ್ತೆ ಎಳೆದೆ, ಮತ್ತೆ ಜಾರಿತು. ಕೊನೆಗೆ ಅಡುಗೆ ಟೆಂಟಿನ ಹುಡುಗ ಓಡಿಬಂದು ತೆಗೆದ. ಒಣಬಟ್ಟೆ ಎರಡಡಿ ದೂರದಲ್ಲಿತ್ತು, ನನ್ನ ಕೈಯಿಂದ ಅದನ್ನು ಮುಟ್ಟಲು ಆಗಿರಲಿಲ್ಲ. ಆ ಭಯ ಇವತ್ತಿಗೂ ನೆನಪಿದೆ.

ಶಿರಸಿಯಲ್ಲಿ ಮಳೆಗಾಲ ಬಂದರೆ ಅಂಗಳ ದಾಟಿ ತೋಟಕ್ಕೆ ಇಳಿಯುವಾಗಲೂ ಅಪ್ಪ ಕಂಬಳಿ ಕೊಪ್ಪೆ ಬಿಟ್ಟು ಹೋದವರಲ್ಲ. ಬಿಸಿಲಿದ್ದರೂ ಅಷ್ಟೇ. ಅದನ್ನು ನೋಡಿಯೇ ಬೆಳೆದ ನಾನು ಅಲ್ಲಿ ಮರೆತೆ. ನೀವು ಮರೆಯಬೇಡಿ. ಮಡಚಿಡುವ ಒಂದು ಸಣ್ಣ ಚೀಲ ಒಯ್ಯಿರಿ. ಅದರಲ್ಲಿ ರೇನ್‌ಕೋಟ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬೆಚ್ಚನೆಯ ಅಂಗಿ, ಟೋಪಿ, ಕೈಗವಸು, ನೀರು, ತಿನ್ನಲು ಏನಾದರೂ, ಟಾರ್ಚು, ಒಂದು ಸೀಟಿ. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ. ಗುರುತಿನ ಚೀಟಿಯೂ ಜೊತೆಗಿರಲಿ, ಆ ದಾರಿಯಲ್ಲಿ ಸೇನೆಯ ತಪಾಸಣೆ ಇದೆ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದೊಳಗೆ ಟೆಂಟಿಗೆ ಬನ್ನಿ.

ಇನ್ನು ವಿಶ್ರಾಂತಿ ಅಂದರೆ ಮಲಗಿರುವುದು ಅಂತ ತಿಳಿಯಬೇಡಿ. ವಿಶನ್‌ಸರ್ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಕೂಡ 2,000 ಮುಟ್ಟುವುದಿಲ್ಲ. ವಿಶನ್‌ಸರ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಾರವಾರದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ಮೈ ಅದಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಹಗಲು ಸ್ವಲ್ಪ ಮೇಲೆ ಹತ್ತಿ, ರಾತ್ರಿ ಕೆಳಗಿಳಿದು ಮಲಗಿದರೆ ಹೊಂದಿಕೊಳ್ಳುವುದು ಸುಲಭ. ಕಿಶನ್‌ಸರ್ ನಡಿಗೆಯಿಂದ ಆಗುವ ಉಪಕಾರ ಅದು. ಮರುದಿನದ ಗಡ್ಸರ್ ಪಾಸ್ ಸುಮಾರು 4,200 ಮೀಟರ್, ಇಡೀ ದಾರಿಯಲ್ಲಿ ಅದೇ ಎತ್ತರದ್ದು. ಆದ್ದರಿಂದ ಕಿಶನ್‌ಸರ್‌ಗೆ ಹೋಗಿ, ಆದರೆ ಮಾತಾಡುತ್ತಾ ಹತ್ತಲು ಆಗುವಷ್ಟು ನಿಧಾನಕ್ಕೆ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ಇವು ಶುರುವಾದರೆ ಮುಚ್ಚಿಡಬೇಡಿ. ಗುಂಪಿನ ಮುಂದೆ ಹೇಳಲು ನಮ್ಮ ಹೆಂಗಸರಿಗೆ ಸಂಕೋಚ ಜಾಸ್ತಿ. ಹೇಳಿಬಿಡಿ. ಕಡಿಮೆಯಾಗುವವರೆಗೆ ಮೇಲೆ ಹತ್ತಬಾರದು. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ, ಮಾತು ತಪ್ಪಿದರೆ, ರಾತ್ರಿಯಾಗಿದ್ದರೂ ಜೊತೆಗೊಬ್ಬರನ್ನು ಕರೆದುಕೊಂಡು ಕೆಳಗಿಳಿಯಲೇಬೇಕು. ಎತ್ತರದಿಂದ ಬರುವ ಈ ತೊಂದರೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನುಂಗಬೇಡಿ. ಹೊರಡುವ ಮೊದಲು ಡಾಕ್ಟರನ್ನು ಕೇಳಿ, ಸಲ್ಫಾ ಔಷಧ ನಿಮಗೆ ಆಗದಿದ್ದರೆ ಅದನ್ನೂ ತಿಳಿಸಿ.

ಬೀಚಿನ ನಡಿಗೆ ಒಳ್ಳೆಯದು, ಆದರೆ ಸಾಲದು. ಮರಳಿನಲ್ಲಿ ಏರು ಇಲ್ಲ, ಇಳಿಜಾರೂ ಇಲ್ಲ. ಬೆಟ್ಟದಲ್ಲಿ ಮೊಣಕಾಲು ಸೋಲುವುದು ಇಳಿಯುವಾಗ. ನಿಮಗೆ ಗುಡ್ಡಳ್ಳಿ ಬೆಟ್ಟ ಹತ್ತಿರವೇ ಇದೆಯಲ್ವಾ? ವಾರಕ್ಕೆ ಎರಡು ಸಲ ಐದಾರು ಕಿಲೋ ಹೊತ್ತು ಹತ್ತಿ ಇಳಿಯಿರಿ. ಅದೇ ಬೂಟು ಹಾಕಿಕೊಂಡು. ಹೊಸ ಬೂಟಿನಲ್ಲಿ ನೇರ ಸೋನಮಾರ್ಗ್‌ಗೆ ಹೋದವರ ಹಿಮ್ಮಡಿ ನಾನು ನೋಡಿದ್ದೇನೆ.

ಪ್ರಶ್ನೆ: ನಾನು ಕಡಲಲ್ಲಿ ದಿನಾ ಈಜುವವನು. ಆ ಸರೋವರಗಳಲ್ಲಿ ಇಳಿಯಬಹುದಾ?
— ಮೀನುಗಾರ ಯುವಕ, ತದಡಿ

ಉತ್ತರ: ಬೇಡ ತಮ್ಮಾ. ನಿಮ್ಮ ಈಜಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನಿಮ್ಮ ಮೈಗೆ ಗೊತ್ತಿರುವುದು ನಮ್ಮ ಬೆಚ್ಚಗಿನ ಕಡಲು. ಅಲ್ಲಿರುವುದು ಹಿಮ ಕರಗಿದ ನೀರು. ಧುಮುಕಿದ ಕೂಡಲೇ ಉಸಿರು ತಾನಾಗಿ ಒಳಗೆಳೆಯುತ್ತದೆ, ತಡೆಯಲು ಆಗುವುದಿಲ್ಲ. ಆ ಕ್ಷಣ ಬಾಯಿ ನೀರೊಳಗಿದ್ದರೆ ಕಷ್ಟ. ಕೆಲವೇ ನಿಮಿಷದಲ್ಲಿ ಕೈಕಾಲಿನ ಬಲ ಹೋಗುತ್ತದೆ. ಚೆನ್ನಾಗಿ ಈಜುವವರೂ ಹೀಗೇ ಮುಳುಗುವುದು. ದಡದಲ್ಲಿ ಕೂತು ಪಾದ ಇಳಿಬಿಡಿ. ಸೋಪು ಬೇಡವೇ ಬೇಡ, ಅದು ಟ್ರೌಟ್ ಮೀನು ಇರುವ ನೀರು. ಬೇಸಿಗೆಯಲ್ಲಿ ಬಕರ್ವಾಲ್ ಕುರುಬರ ಕುರಿಗಳು ಮೇಲೆಲ್ಲಾ ಮೇಯುವುದರಿಂದ ಅಲ್ಲಿನ ನೀರನ್ನು ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಫೋಟೊದಲ್ಲಿ ಆ ನೀರಿನ ಬಣ್ಣ ನಿಜವಾ, ಕಂಪ್ಯೂಟರಿನಲ್ಲಿ ತಿದ್ದಿದ್ದಾ?
— ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ನಿಜ ಮಗಾ. ಹಿಮನದಿ ಜಾರುವಾಗ ಅಡಿಯ ಬಂಡೆಯನ್ನು ಒರಳಿನಲ್ಲಿ ರುಬ್ಬಿದ ಹಾಗೆ ಅರೆಯುತ್ತದೆ. ಹಿಟ್ಟಿಗಿಂತ ನುಣುಪಾದ ಆ ಪುಡಿ ನೀರಿನಲ್ಲಿ ತೇಲುತ್ತಿದ್ದರೆ ಬೆಳಕು ಚದುರಿ ನೀಲಿ-ಹಸಿರು ಕಾಣುತ್ತದೆ. ಪುಡಿ ತಳಕ್ಕಿಳಿದ ಆಳದ ನೀರು ಕಡುನೀಲಿ, ಏಕೆಂದರೆ ಬೆಳಕಿನ ಕೆಂಪನ್ನು ನೀರು ಹೀರಿಕೊಳ್ಳುತ್ತದೆ. ಆ ಬಟ್ಟಲಿನಂಥ ತಗ್ಗನ್ನು ಕೊರೆದದ್ದೂ ಹಿಮವೇ. ಮೋಡ ಕವಿದಾಗ ಅದೇ ಕಿಶನ್‌ಸರ್ ಸೀಸದ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಆಲಿಕಲ್ಲು ಬೀಳುವ ಸ್ವಲ್ಪ ಮೊದಲು.