ಚಿಪ್ ಮೇಲಿನ ಇಂಡಕ್ಟರ್: ಅಳತೆಯೂ ಸಿಮ್ಯುಲೇಷನ್ನೂ ತಾಳೆಯಾಗದಿದ್ದರೆ

0.5 ನ್ಯಾನೋಹೆನ್ರಿಯ ಸ್ಪೈರಲ್ ಇಂಡಕ್ಟರ್‌ಗೆ (ಚಿಪ್ ಮೇಲೆ ಸುರುಳಿಯಾಗಿ ಬರೆದ ಲೋಹದ ಎಳೆ) 5 ಗಿಗಾಹರ್ಟ್ಸ್‌ನಲ್ಲಿ ಕ್ಯೂ (ರಿಯಾಕ್ಟನ್ಸ್ ಅನ್ನು ಸರಣಿ ರೋಧದಿಂದ ಭಾಗಿಸಿದ ಸಂಖ್ಯೆ; ಹೆಚ್ಚಿದ್ದಷ್ಟೂ ನಷ್ಟ ಕಡಿಮೆ) 18 ಎಂದು ಸಿಮ್ಯುಲೇಷನ್ ಹೇಳಿತ್ತು, ಓಪನ್ ಡಿ-ಎಂಬೆಡಿಂಗ್ (ಓಪನ್ ಎಂಬ, ಇಂಡಕ್ಟರ್ ಇಲ್ಲದ ರಚನೆಯ ಅಳತೆಯನ್ನು ಕಳೆಯುವುದು) ಮಾಡಿದ ಮೇಲೂ ಅಳತೆಯಲ್ಲಿ 0.58 ನ್ಯಾನೋಹೆನ್ರಿ ಮತ್ತು ಕ್ಯೂ 12 ಬಂದಿದೆ, ಮಾಡೆಲ್‌ನಲ್ಲಿ ಸಬ್‌ಸ್ಟ್ರೇಟ್ (ಕೆಳಗಿನ ಸಿಲಿಕಾನ್) ನಷ್ಟವನ್ನು ಹೆಚ್ಚಿಸಬೇಕೇ ಎಂದು ನೀವು ಕೇಳಿದ್ದೀರಿ. ಸದ್ಯಕ್ಕೆ ಮಾಡೆಲ್ ಅನ್ನು ಮುಟ್ಟಬೇಡಿ ಎಂಬುದೇ ನನ್ನ ಉತ್ತರ.

ನಿಮ್ಮ ಸಂಖ್ಯೆಗಳನ್ನು ಓಮ್‌ಗಳಿಗೆ ಇಳಿಸಿ ನೋಡೋಣ. 5 ಗಿಗಾಹರ್ಟ್ಸ್‌ನಲ್ಲಿ 0.5 ನ್ಯಾನೋಹೆನ್ರಿಯ ರಿಯಾಕ್ಟನ್ಸ್ (ಎಸಿ ಪ್ರವಾಹಕ್ಕೆ ಇಂಡಕ್ಟನ್ಸ್ ಒಡ್ಡುವ ತಡೆ) 15.7 ಓಮ್; ಕ್ಯೂ 18 ಇರಬೇಕಾದರೆ ಸರಣಿ ರೋಧ 0.87 ಓಮ್ ಮಾತ್ರ ಇರಬೇಕು. ನೀವು ಅಳೆದದ್ದು 18.2 ಓಮ್ ರಿಯಾಕ್ಟನ್ಸ್ ಮತ್ತು ಸುಮಾರು 1.5 ಓಮ್ ರೋಧ. ಅಂದರೆ 0.08 ನ್ಯಾನೋಹೆನ್ರಿ ಮತ್ತು 0.65 ಓಮ್ ಎರಡೂ ಒಟ್ಟಿಗೆ ಹೆಚ್ಚಾಗಿವೆ. ಕಿರಿದಾದ ಲೋಹದ ಎಳೆಗೆ ಪ್ರತಿ ಮಿಲಿಮೀಟರ್‌ಗೆ ಹೆಚ್ಚುಕಡಿಮೆ 1 ನ್ಯಾನೋಹೆನ್ರಿ ಎಂದು ಲೆಕ್ಕ ಹಿಡಿದರೆ, ಪ್ಯಾಡ್‌ನಿಂದ (ಅಳತೆಯ ಸೂಜಿಯಾದ ಪ್ರೋಬ್ ಮುಟ್ಟುವ ಜಾಗ) ಸ್ಪೈರಲ್‌ಗೆ ಹೋಗುವ ಎಳೆಗಳು ಒಟ್ಟು 80 ಮೈಕ್ರಾನ್ ಇದ್ದರೂ ಸಾಕು, ಇಂಡಕ್ಟನ್ಸ್‌ನ ವ್ಯತ್ಯಾಸ ಪೂರ್ತಿ ಅಲ್ಲಿಂದಲೇ ಬಂದಿರಬಹುದು. ಓಪನ್ ರಚನೆ ಪ್ಯಾಡ್‌ಗಳ ಕೆಪಾಸಿಟನ್ಸ್ ಅನ್ನಷ್ಟೇ ತೆಗೆಯುತ್ತದೆ. ಎಳೆಗಳ ರೋಧ, ಇಂಡಕ್ಟನ್ಸ್ ಮತ್ತು ಪ್ರೋಬ್ ತುದಿಯ ಸಂಪರ್ಕ ರೋಧ ಹಾಗೆಯೇ ಉಳಿಯುತ್ತವೆ.

ಇದನ್ನು ಖಚಿತಪಡಿಸಿಕೊಳ್ಳಲು 1 ಗಿಗಾಹರ್ಟ್ಸ್‌ನಲ್ಲಿ ನೋಡಿ. ಅಲ್ಲಿಯೂ 0.08 ನ್ಯಾನೋಹೆನ್ರಿ ಹೆಚ್ಚೇ ಇದ್ದರೆ ತಪ್ಪು ಎಳೆಗಳದ್ದು. ಆವರ್ತನ ಏರಿದಂತೆ ಮಾತ್ರ ಹೆಚ್ಚುತ್ತಿದ್ದರೆ ಸ್ವಯಂ ಅನುರಣನದ (ಇಂಡಕ್ಟರ್ ತನ್ನದೇ ಕೆಪಾಸಿಟನ್ಸ್ ಜೊತೆ ಅನುರಣಿಸುವುದು) ಪ್ರಭಾವ. ಜೊತೆಗೆ ನಾಲ್ಕು ತಂತಿಯ ವಿಧಾನದಲ್ಲಿ ಡಿಸಿ ರೋಧವನ್ನು ಅಳೆದಿಡಿ. ಕಡಿಮೆ ಆವರ್ತನದಲ್ಲಿ ನೆಟ್‌ವರ್ಕ್ ಅನಲೈಸರ್ (ಈ ಅಳತೆಗಳನ್ನು ಕೊಡುವ ಉಪಕರಣ) ಕೊಡುವ ರೋಧ ಇದಕ್ಕೆ ಹೊಂದದಿದ್ದರೆ ಮುಂದಿನ ಯಾವ ಗ್ರಾಫನ್ನೂ ನಂಬುವಂತಿಲ್ಲ. ನಾನು ಈ ಹೆಜ್ಜೆಯನ್ನು ಬಿಟ್ಟು, ವಾರಗಟ್ಟಲೆ ಸಬ್‌ಸ್ಟ್ರೇಟ್‌ನ ಮೌಲ್ಯಗಳನ್ನು ತಿದ್ದುತ್ತ ಕುಳಿತಿದ್ದವನು. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪರಿಹಾರವೆಂದರೆ ಶಾರ್ಟ್ ರಚನೆಯನ್ನೂ (ಇಂಡಕ್ಟರ್ ಜಾಗದಲ್ಲಿ ಎಳೆಗಳನ್ನು ನೇರ ನೆಲಕ್ಕೆ ಜೋಡಿಸಿದ್ದು) ಅಳೆಯುವುದು. ಮೊದಲು ಇಂಡಕ್ಟರ್ ಮತ್ತು ಶಾರ್ಟ್ ಎರಡರ ವೈ-ಪ್ಯಾರಾಮೀಟರ್‌ಗಳಿಂದಲೂ (ಅಡ್ಮಿಟನ್ಸ್, ಅಂದರೆ ಇಂಪೆಡನ್ಸ್‌ನ ವಿಲೋಮ) ಓಪನ್‌ನದನ್ನು ಕಳೆಯಿರಿ. ಬಳಿಕ ಎರಡನ್ನೂ ಜೆಡ್‌ಗೆ (ಇಂಪೆಡನ್ಸ್) ಪರಿವರ್ತಿಸಿ, ಇಂಡಕ್ಟರ್‌ನದರಿಂದ ಶಾರ್ಟ್‌ನದನ್ನು ಕಳೆಯಿರಿ. ಆದರೆ ಶಾರ್ಟ್‌ನಲ್ಲಿ ನೆಲಕ್ಕೆ ಜೋಡಿಸುವ ಪಟ್ಟಿಗೂ ತನ್ನದೇ ರೋಧ, ಇಂಡಕ್ಟನ್ಸ್ ಇರುವುದರಿಂದ, ನಿಮ್ಮಷ್ಟು ಚಿಕ್ಕ ಇಂಡಕ್ಟರ್‌ನಲ್ಲಿ ಅಗತ್ಯಕ್ಕಿಂತ ಹೆಚ್ಚು ಕಳೆದುಹೋಗಿ ಕ್ಯೂ ಸುಳ್ಳೇ ಏರಬಹುದು. ಆ ಪಟ್ಟಿಯನ್ನು ಅಗಲವಾಗಿ, ಗಿಡ್ಡವಾಗಿ ಬರೆಸಿ. ಅಲ್ಯೂಮಿನಿಯಂ ಪ್ಯಾಡ್‌ನ ಮೇಲೆ ಆಕ್ಸೈಡ್ ಪದರ ಇರುವುದರಿಂದ ಪ್ರೋಬ್ ಅನ್ನು ಪ್ರತಿ ಸಲ ಇಳಿಸಿದಾಗಲೂ ಸಂಪರ್ಕ ರೋಧ ಬದಲಾಗುತ್ತದೆ. 0.87 ಓಮ್‌ನಲ್ಲಿ 0.05 ಓಮ್ ಆಚೀಚೆಯಾದರೆ ಕ್ಯೂ ಸುಮಾರು ಶೇಕಡಾ 6ರಷ್ಟು ಸರಿಯುತ್ತದೆ. ಹಾಗಾಗಿ ಪ್ರತಿ ರಚನೆಯನ್ನೂ ಕನಿಷ್ಠ ಮೂರು ಬಾರಿ ಪ್ರೋಬ್ ಎತ್ತಿ ಇಳಿಸಿ ಅಳೆಯಿರಿ.

ಇಷ್ಟಾದ ಮೇಲೂ ಕ್ಯೂ ಕಡಿಮೆಯೇ ಇದ್ದರೆ ಆಗ ಮಾಡೆಲ್‌ಗೆ ಬನ್ನಿ. ಕ್ಯೂ ಶಿಖರದ (ಕ್ಯೂ ಗರಿಷ್ಠವಾಗುವ ಆವರ್ತನ) ಕೆಳಗಿನ ಆವರ್ತನಗಳಲ್ಲಿ ಸರಣಿ ರೋಧದ್ದೇ ಮೇಲುಗೈ, ಸಬ್‌ಸ್ಟ್ರೇಟ್ ನಷ್ಟ ಎದ್ದು ಕಾಣುವುದು ಶಿಖರದ ಮೇಲೆ. ಆದ್ದರಿಂದ ಮೊದಲು ಕೆಳಗಿನ ಭಾಗವನ್ನು ಹೊಂದಿಸಿ, ಆಮೇಲೆ ಆಕ್ಸೈಡ್ ಕೆಪಾಸಿಟನ್ಸ್ ಮತ್ತು ಸಬ್‌ಸ್ಟ್ರೇಟ್ ರೋಧವನ್ನು ಮುಟ್ಟಿ. ತಾಮ್ರದ ಸ್ಕಿನ್ ಡೆಪ್ತ್ (ಪ್ರವಾಹ ಹರಿಯುವ ಮೇಲ್ಮೈ ಪದರದ ಆಳ; ಆವರ್ತನ ಏರಿದಂತೆ ಕುಗ್ಗುತ್ತದೆ) 5 ಗಿಗಾಹರ್ಟ್ಸ್‌ನಲ್ಲಿ ಸುಮಾರು 0.9 ಮೈಕ್ರಾನ್ ಮಾತ್ರ ಇರುವುದರಿಂದ ಒಂದೇ ಸ್ಥಿರ ರೋಧ ಸಾಲದು. ಸರಣಿ ರೋಧಕ್ಕೆ ಸಮಾಂತರವಾಗಿ ಒಂದು ಚಿಕ್ಕ ಇಂಡಕ್ಟರ್ ಮತ್ತು ರೋಧದ ಶಾಖೆಯನ್ನು ಸೇರಿಸಿದರೆ ಆವರ್ತನದೊಂದಿಗೆ ರೋಧ ಏರುವುದನ್ನು ತೋರಿಸಬಹುದು, ಟ್ರಾನ್ಸಿಯೆಂಟ್ (ಕಾಲದೊಂದಿಗೆ ಸಂಕೇತ ಬದಲಾಗುವುದನ್ನು ಲೆಕ್ಕಿಸುವ) ಸಿಮ್ಯುಲೇಷನ್‌ನಲ್ಲಿಯೂ ಅದು ತೊಂದರೆ ಕೊಡುವುದಿಲ್ಲ.